ಹಳೇ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿಗೆ ಡ್ರೈವರ್ ಎಲ್ಲಿ ಸಿಗುತ್ತದೆ?

ಜಮಖಂಡಿಯಲ್ಲಿ ಡಿಟಿಪಿ ಮಾಡ್ತೀರಿ, ಹಳೇ ಮಷಿನ್‌ಗೆ ವಿಂಡೋಸ್ 10 ಹಾಕಿಸಿದ ಮೇಲೆ 1024×768 ಬಿಟ್ಟು ಬೇರೆ ರೆಸಲ್ಯೂಶನ್ ಬರ್ತಿಲ್ಲ, ಅಗಲ ಮಾನಿಟರಿನಲ್ಲಿ ಲಗ್ನಪತ್ರಿಕೆಯ ಅಕ್ಷರವೆಲ್ಲ ಅಡ್ಡಕ್ಕೆ ಎಳೆದಂಗ ಕಾಣ್ತಾವೆ, ಒಳಗಿರೋ ಕಾರ್ಡ್ ಯಾವುದೋ ಗೊತ್ತಿಲ್ಲ ಅಂದಿದ್ದೀರಿ. ವಿಜಯಪುರದಲ್ಲಿ ನನ್ನ ಟೇಬಲ್‌ಗೆ ಪದೇ ಪದೇ ಬರುವ ತಕರಾರು ಇದು.

ವಿಂಡೋಸ್ ಕಾರ್ಡನ್ನು ಗುರುತಿಸಿ ನಡೆಸಲು ಬೇಕಾದ ಸಾಫ್ಟ್‌ವೇರೇ ಡ್ರೈವರ್. ದಯವಿಟ್ಟು 'ಡ್ರೈವರ್ ನಾವೇ ಹುಡುಕಿ ಹಾಕ್ತೀವಿ' ಅನ್ನೋ ಸಾಫ್ಟ್‌ವೇರ್ ಇಳಿಸಿಕೊಳ್ಳಬೇಡಿ. ಅದರ ಜೊತೆ ಬೇಡದ್ದೆಲ್ಲ ಬಂದು ಕೂರುತ್ತದೆ. ಅದರ ಅಗತ್ಯವೂ ಇಲ್ಲ.

ಡಿವೈಸ್ ಮ್ಯಾನೇಜರ್ ತೆರೆದು ಡಿಸ್‌ಪ್ಲೇ ಅಡಾಪ್ಟರ್ ಕೆಳಗೆ ನೋಡಿ. 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಅಂತಿದ್ದರೆ ಕಾರ್ಡಿನ ಸ್ವಂತ ಡ್ರೈವರ್ ಕೂತೇ ಇಲ್ಲ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡಿಗೆ ಹೋಗಿ. ಉದ್ದದ ಒಂದು ಸಾಲು ಕಾಣುತ್ತದೆ. ಅದರಲ್ಲಿ 'ವೆನ್' (VEN) ಮುಂದಿನದು ಕಂಪನಿ: 10ಡಿಇ (10DE) ಇದ್ದರೆ ಎನ್‌ವಿಡಿಯಾ, 1002 ಇದ್ದರೆ ಎಎಂಡಿ, 8086 ಇದ್ದರೆ ಇಂಟೆಲ್. 'ಡೆವ್' (DEV) ಮುಂದಿನದು ಮಾಡೆಲ್. 10ಡಿಇ ಜೊತೆ 0ಎ65 (0A65) ಬಂದರೆ ಅದು ಜೀಫೋರ್ಸ್ 210.

ಆ ಕಾರ್ಡೇ ಆಗಿದ್ದರೆ ಹೊಸ ಡ್ರೈವರ್ ಹುಡುಕಬೇಡಿ. ಇನ್‌ಸ್ಟಾಲ್ ಮಾಡಲು ಹೋದರೆ ನಿಮ್ಮ ಹಾರ್ಡ್‌ವೇರ್ ಹೊಂದುವುದಿಲ್ಲ ಅಂತ ನಿಂತುಬಿಡುತ್ತದೆ. ಜೀಫೋರ್ಸ್ 8ರಿಂದ 300 ಸರಣಿವರೆಗಿನ ಆ ಪೀಳಿಗೆಗೆ ಕೊನೆಗೆ ಬಂದದ್ದು 342.01, 2016ರ ಡಿಸೆಂಬರ್‌ನಲ್ಲಿ. ಎನ್‌ವಿಡಿಯಾ ಸೈಟಿನಲ್ಲೇ ಮಾಡೆಲ್ ಆರಿಸಿ ಇಳಿಸಿಕೊಳ್ಳಿ. 32 ಬಿಟ್, 64 ಬಿಟ್ ಬೇರೆ ಬೇರೆ ಫೈಲ್, ನಿಮ್ಮ ವಿಂಡೋಸ್ ಯಾವುದು ಅಂತ ಮೊದಲೇ ನೋಡಿಕೊಳ್ಳಿ. ಹಾಕುವಾಗ ನೆಟ್ ತೆಗೆದಿಡಿ, ಇಲ್ಲದಿದ್ದರೆ ವಿಂಡೋಸ್ ಅಪ್‌ಡೇಟ್ ನಡುವೆ ಬಂದು ತನ್ನದನ್ನು ತುರುಕುತ್ತದೆ. ಕಸ್ಟಮ್‌ಗೆ ಹೋಗಿ ಕ್ಲೀನ್ ಇನ್‌ಸ್ಟಾಲ್ ಟಿಕ್ ಮಾಡಿ.

ಲಿನಕ್ಸ್ ಹಾಕಿದರೆ ಈ ಕಾರ್ಡಿಗೆ ನೂವೋ ಅನ್ನೋ ಡ್ರೈವರ್ ಕರ್ನಲ್ (ಲಿನಕ್ಸಿನ ತಿರುಳು) ಜೊತೆಗೇ ಬರುತ್ತದೆ, ಆದರೆ ನಿಮ್ಮ ಡಿಟಿಪಿ ಸಾಫ್ಟ್‌ವೇರ್ ಅಲ್ಲಿ ನಡೆಯುತ್ತದೋ ನೋಡಿಕೊಳ್ಳಬೇಕು.

ಸರಿಯಾದ ಡ್ರೈವರ್ ಹಾಕಿದ ಮೇಲೂ ಕೋಡ್ 43 (ತೊಂದರೆ ಕಂಡು ವಿಂಡೋಸ್ ಕಾರ್ಡನ್ನು ನಿಲ್ಲಿಸಿದೆ ಅನ್ನೋ ಸೂಚನೆ) ಬಂದರೆ ಕಾರ್ಡಿನ ಮೇಲೇ ಅನುಮಾನ ಪಡಿ. ನಮ್ಮ ಕಡೆ ಧೂಳು ಕಡಿಮೆ ಏನಲ್ಲ. ಪ್ಲಗ್ ಕಿತ್ತು, ಕಾರ್ಡ್ ಹೊರಗೆ ತೆಗೆದು, ಬಂಗಾರ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಫ್ಯಾನ್ ಸ್ವಚ್ಛ ಮಾಡಿ ಮತ್ತೆ ಕೂರಿಸಿ. ಆಗಲೂ ಬರದಿದ್ದರೆ ದುಡ್ಡು ಸುರಿಯಬೇಡಿ. ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದ್ದರೆ ಕಾರ್ಡ್ ತೆಗೆದು, ಮಾನಿಟರ್ ವೈರನ್ನು ಮದರ್‌ಬೋರ್ಡಿನ ಪೋರ್ಟಿಗೆ ಹಚ್ಚಿ. ಪತ್ರಿಕೆ ಕೆಲಸಕ್ಕೆ ಅದೇ ಸಾಕು.

ನಂಬರ್ ಬೇರೆ ಬಂದರೆ ಆ ಐಡಿ ಸಾಲನ್ನು ಪೂರ್ತಿ ಬರೆದು ಹಾಕಿ, ಯಾವ ವರ್ಷನ್ ಬೇಕು ಅಂತ ನೋಡಿ ಹೇಳ್ತೀನಿ.