ಮೇಲ್ ಸರ್ವರ್ ನಿಧಾನ ಅಂತ ಹೊಸ ಮೆಷಿನ್ ತಗೊಳ್ಳಬೇಕಾ?

ದಯವಿಟ್ಟು ಈಗಲೇ ಅಡ್ವಾನ್ಸ್ ಕೊಡಬೇಡಿ. ಮಂಡ್ಯದಲ್ಲಿ 12 ಜನರ ಆಫೀಸು, ಸೆಂಡ್ ಒತ್ತಿದರೆ ಅರ್ಧ ನಿಮಿಷ ಕಾಯಬೇಕು, ರ‍್ಯಾಮ್ ಹಾಕಿಸೋದಾ ಹೊಸ ಸರ್ವರ್ ತರೋದಾ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ಓಡಾಡಿದ್ದೆ.

ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ಆಡಿಟರ್ ಆಫೀಸು. ಡೆಬಿಯನ್ (ಒಂದು ಬಗೆಯ ಲಿನಕ್ಸ್) ಹಾಕಿದ ಮೆಷಿನ್ನು, ಅದರಲ್ಲಿ ಮೇಲ್ ಕಳಿಸೋ ಪ್ರೋಗ್ರಾಂ ಪೋಸ್ಟ್‌ಫಿಕ್ಸ್. ನೋಡಿಕೊಳ್ಳುತ್ತಿದ್ದವನು ನಾನೊಬ್ಬನೇ. ಇಂಟರ್ನೆಟ್ ಕಂಪನಿ ಬದಲಾಯಿಸಿದ ವಾರವೇ ಮೇಲ್ ನಿಧಾನವಾಯಿತು. ಸೆಪ್ಟೆಂಬರ್ 30ಕ್ಕೆ ಟ್ಯಾಕ್ಸ್ ಆಡಿಟ್ ವರದಿಯ ಗಡುವು, ಎಲ್ಲರ ಕಣ್ಣೂ ನನ್ನ ಮೇಲೆ.

ಡಿಎನ್‌ಎಸ್ ಮೇಲೆ, ಅಂದರೆ ಹೆಸರು ಕೊಟ್ಟರೆ ಅದರ ಐಪಿ ಅಡ್ರೆಸ್ ಹುಡುಕಿ ಕೊಡೋ ವ್ಯವಸ್ಥೆಯ ಮೇಲೆ, ಮೊದಲ ದಿನವೇ ಅನುಮಾನ ಬಂದಿತ್ತು. ಯಾವ ಡಿಎನ್‌ಎಸ್ ಸರ್ವರನ್ನು ಕೇಳಬೇಕು ಅಂತ ಬರೆದಿರೋದು ಇಟಿಸಿ ಫೋಲ್ಡರಿನ ರಿಸಾಲ್ವ್ ಕಾನ್ಫ್ ಫೈಲಿನಲ್ಲಿ. ಅದನ್ನು ತೆಗೆದರೆ ಮೊದಲ ಸಾಲಿನಲ್ಲಿ ಹಳೇ ಕಂಪನಿಯ ಅಡ್ರೆಸ್ಸೇ ಇತ್ತು. ತಿದ್ದಿದೆ. ಡಿಎನ್‌ಎಸ್ ಪರೀಕ್ಷಿಸೋ ಡಿಗ್ ಕಮಾಂಡ್ ಓಡಿಸಿದರೆ ಉತ್ತರ ತಕ್ಷಣ ಬಂತು. ಆದರೆ ಮೇಲ್ ಮಾತ್ರ ಹಾಗೇ ಇತ್ತು. ಹಾಗಾಗಿ ಡಿಎನ್‌ಎಸ್ ಅಲ್ಲ ಅಂತ ತೀರ್ಮಾನಿಸಿ, 4 ಜಿಬಿ ಇದ್ದ ರ‍್ಯಾಮ್ 16 ಮಾಡಿಸಿದೆ. ಮೆಷಿನ್ ಆನ್ ಮಾಡಿದ ಕೂಡಲೇ ಮೇಲ್ ಸರಾಗ. ರ‍್ಯಾಮೇ ಕಾರಣ ಅಂತ ಯಜಮಾನರಿಗೂ ಹೇಳಿಬಿಟ್ಟೆ.

ಎಂಟು ತಿಂಗಳಾದ ಮೇಲೆ ರೂಟರ್ ಬದಲಾಯಿತು. ರಿಸಾಲ್ವ್ ಕಾನ್ಫ್ ಫೈಲಿನಲ್ಲಿ ಹೊಸ ಡಿಎನ್‌ಎಸ್ ಅಡ್ರೆಸ್ ಹಾಕಿದೆ. ಮತ್ತೆ ಅದೇ ಗೋಳು. ಈ ಸಲ ಹೊಸ ಸರ್ವರಿಗೆ ಕೊಟೇಶನ್ ತರಿಸಿದೆ. ಸಹಿ ಹಾಕೋ ಹಿಂದಿನ ರಾತ್ರಿ ಸುಮ್ನೆ ಮೇಲ್ ಲಾಗ್ (ಸರ್ವರ್ ಮಾಡಿದ ಕೆಲಸದ ದಾಖಲೆ) ನೋಡುತ್ತಾ ಕೂತೆ. ಒಂದು ಸಾಲು 11:42:05. ಮುಂದಿನದು 11:42:10. ಆಮೇಲೆ 11:42:15. ಡಿಸ್ಕ್ ಸೋತರೆ ಇಷ್ಟು ಅಳತೆಯಾಗಿ ನಿಧಾನ ಆಗಲ್ಲ. ಲಿನಕ್ಸ್ ಮೊದಲ ಡಿಎನ್‌ಎಸ್ ಸರ್ವರಿಗೆ 5 ಸೆಕೆಂಡು ಕಾದು, ಉತ್ತರ ಬರದಿದ್ದರೆ ಎರಡನೆಯದನ್ನು ಕೇಳುತ್ತದೆ. ಆ 5 ಅದೇ.

ಆದರೆ ಫೈಲು ತಿದ್ದಿದ್ದೆನಲ್ಲ? ಅಲ್ಲೇ ನಾನು ಎಡವಿದ್ದು. ಆ ಡೆಬಿಯನ್ ಮೆಷಿನ್ನಿನಲ್ಲಿ ಪೋಸ್ಟ್‌ಫಿಕ್ಸ್ ಬಾಗಿಲು ಹಾಕಿದ ಕೋಣೆಯಲ್ಲಿ ಕೂತು ಕೆಲಸ ಮಾಡುತ್ತಿತ್ತು, ಅಂದರೆ ತನ್ನ ಫೋಲ್ಡರಿನ ಹೊರಗಿನ ಫೈಲು ಅದಕ್ಕೆ ಕಾಣಲ್ಲ (ಇದಕ್ಕೆ ಕ್ರೂಟ್ ಅಂತಾರೆ). ಆ ಫೈಲಿನ ಇನ್ನೊಂದು ಪ್ರತಿ ವಾರ್, ಸ್ಪೂಲ್, ಪೋಸ್ಟ್‌ಫಿಕ್ಸ್, ಇಟಿಸಿ ಅಂತ ಒಂದರೊಳಗೊಂದು ಇರೋ ಫೋಲ್ಡರುಗಳ ಒಳಗೆ ಇರುತ್ತದೆ. ಹೊರಗಿನ ಫೈಲನ್ನು ಕೈಯಿಂದ ತಿದ್ದಿದರೆ, ಈ ಪ್ರತಿ ಸಾಮಾನ್ಯವಾಗಿ ಪೋಸ್ಟ್‌ಫಿಕ್ಸ್ ಮತ್ತೆ ಸ್ಟಾರ್ಟ್ ಆಗುವಾಗಲೇ ಹೊಸದಾಗುತ್ತದೆ. ಡಿಗ್ ಓದುವುದು ಹೊರಗಿನದನ್ನು, ಪೋಸ್ಟ್‌ಫಿಕ್ಸ್ ಓದುವುದು ಒಳಗಿನದನ್ನು. ನಾನು ಹೊರಗಿನದನ್ನು ತಿದ್ದಿ, ಹೊರಗಿನದನ್ನೇ ಪರೀಕ್ಷೆ ಮಾಡಿದ್ದೆ. ರ‍್ಯಾಮ್ ಹಾಕಲು ಮೆಷಿನ್ ಆಫ್ ಮಾಡಿ ಆನ್ ಮಾಡಿದ್ದೇ ಆವತ್ತು ಸರಿಹೋಗಲು ಕಾರಣ. ಪೋಸ್ಟ್‌ಫಿಕ್ಸ್ ರೀಸ್ಟಾರ್ಟ್ ಮಾಡಿದೆ. ಸೆಂಡ್ ಒತ್ತಿದೆ, ಕೈ ತೆಗೆಯುವಷ್ಟರಲ್ಲಿ ಮೇಲ್ ಹೋಗಿತ್ತು. ಅಷ್ಟು ದಿನ ಆ ಜನರನ್ನು ಕಾಯಿಸಿದ್ದು ನೆನೆದರೆ ಈಗಲೂ ಬೇಸರವಾಗುತ್ತದೆ.

ಹಾಗಾಗಿ ರ‍್ಯಾಮೋ ಸರ್ವರೋ ಅನ್ನೋ ಪ್ರಶ್ನೆಯೇ ಈಗ ಬೇಡ. ಮೇಲ್ ನಿಧಾನ ಇರುವಾಗಲೇ, ಮೆಷಿನ್ ಏನು ಮಾಡುತ್ತಿದೆ ಅಂತ ತೋರಿಸೋ ಟಾಪ್ ಕಮಾಂಡ್ ಓಡಿಸಿ. ಸಿಪಿಯು ಖಾಲಿ ಕೂತಿದ್ದು, ಡಿಸ್ಕಿಗೆ ಕಾಯುವ ಡಬ್ಲ್ಯೂಎ ಅಂಕಿಯೂ ಕಡಿಮೆ ಇದ್ದರೆ ಮೆಷಿನ್ ಇನ್ಯಾರದೋ ಉತ್ತರಕ್ಕೆ ಕಾಯುತ್ತಿದೆ ಅಂತ ಅರ್ಥ. ಪೋಸ್ಟ್‌ಫಿಕ್ಸ್ ಬರೆಯೋ ಮೇಲ್ ಲಾಗ್‌ನಲ್ಲಿ ಡಿಲೇಸ್ ಅಂತ, ಎಲ್ಲಿ ಎಷ್ಟು ಸೆಕೆಂಡು ಹೋಯಿತು ಅಂತ ಹೇಳೋ ನಾಲ್ಕು ಅಂಕಿ ಬರುತ್ತವೆ. ಮೂರನೆಯದರಲ್ಲಿ ಡಿಎನ್‌ಎಸ್ ಹುಡುಕಾಟದ ಸಮಯವೂ ಸೇರಿರುತ್ತದೆ, ಅದು ಜಾಸ್ತಿ ಇದೆಯಾ ನೋಡಿ. ಆಮೇಲೆ ಹೊರಗಿನದು, ಒಳಗಿನದು, ಆ ಎರಡು ರಿಸಾಲ್ವ್ ಕಾನ್ಫ್ ಫೈಲುಗಳನ್ನು ಪಕ್ಕಪಕ್ಕ ಇಟ್ಟು ಓದಿ. ಡಬ್ಲ್ಯೂಎ ಜಾಸ್ತಿ ಇದ್ದರೆ ಮಾತ್ರ ಡಿಸ್ಕ್ ಕಡೆ ಹೋಗಿ, ಅದಕ್ಕೂ ಮೊದಲು ಬ್ಯಾಕಪ್ ತೆಗೆದುಕೊಳ್ಳಿ.