ಮೊದಲ ಸುತ್ತಿನಲ್ಲೇ ದಮ್ಮು ತೀರಿದರೆ

ಪ್ರಶ್ನೆ: ನಾನು ಬಾಗಲಕೋಟೆಯ ನವನಗರದ ಪದವಿ ವಿದ್ಯಾರ್ಥಿ. 400 ಮೀಟರ್ ಓಟವನ್ನು 54 ಸೆಕೆಂಡಿನಲ್ಲಿ ಮುಗಿಸುತ್ತೇನೆ. 800 ಮೀಟರಿನಲ್ಲಿ ಮೊದಲ ಸುತ್ತು 57 ಸೆಕೆಂಡಿಗೆ ಆಗುತ್ತದೆ, ಆದರೆ ಕೊನೆಯ 200 ಮೀಟರಿನಲ್ಲಿ ಕಾಲು ಎತ್ತಲಾಗದೆ ಒಟ್ಟು 2 ನಿಮಿಷ 4 ಸೆಕೆಂಡಾಗುತ್ತದೆ. ವಾರಕ್ಕೆ ಐದು ದಿನ 400 ಮೀಟರನ್ನು ಪೂರ್ತಿ ಜೋರಿನಲ್ಲಿ ಓಡಿ ಅಭ್ಯಾಸ ಮಾಡುತ್ತಿದ್ದೇನೆ, ಸರ್. ವೇಗ ಹೆಚ್ಚಿಸಬೇಕೋ, ದಮ್ಮು ಹೆಚ್ಚಿಸಬೇಕೋ?

ಉತ್ತರ: ಸದ್ಯಕ್ಕೆ ದಮ್ಮು. ನಿಮ್ಮ ಎರಡನೆಯ ಸುತ್ತು 67 ಸೆಕೆಂಡಿನದು, ಅಂದರೆ ಮೊದಲನೆಯದಕ್ಕಿಂತ ಹತ್ತು ಸೆಕೆಂಡು ನಿಧಾನ. 54 ಸೆಕೆಂಡು ನಿಮ್ಮ ಮಿತಿಯಾಗಿರುವಾಗ 57ಕ್ಕೆ ಹೊರಟರೆ ಅರ್ಧ ದಾರಿಯಲ್ಲೇ ಸ್ನಾಯುಗಳಲ್ಲಿ ಆಮ್ಲೀಯತೆ ಏರಿ, ಅವು ಕುಗ್ಗಿ ಹಿಗ್ಗುವ ಶಕ್ತಿ ಕುಂದುತ್ತದೆ. ನೀವು ಹೇಳುವ ಕಾಲಿನ ಭಾರಕ್ಕೆ ಮುಖ್ಯ ಕಾರಣ ಇದೇ. 800 ಮೀಟರ್ ಓಟ ವೇಗದ ಓಟದಂತೆ ಕಂಡರೂ, ಅದಕ್ಕೆ ಬೇಕಾದ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಪಾಲು ಉಸಿರಿನ ಆಮ್ಲಜನಕದಿಂದಲೇ ಬರಬೇಕು, ಮತ್ತು ಆ ಸಾಮರ್ಥ್ಯ ದಿನವೂ ಜೋರಾಗಿ ಓಡುವುದರಿಂದ ಬೆಳೆಯುವುದಿಲ್ಲ.

1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ನಮ್ಮ ಶ್ರೀರಾಮ್ ಸಿಂಗ್ ಮೊದಲ ಸುತ್ತನ್ನು 50.85 ಸೆಕೆಂಡಿನಲ್ಲಿ ಎಲ್ಲರಿಗಿಂತ ಮುಂದೆ ಓಡಿ, ಕೊನೆಗೆ 1 ನಿಮಿಷ 45.77 ಸೆಕೆಂಡಿಗೆ ಏಳನೆಯವರಾದರು. ಅವರ ಆ ಸಮಯ 2018ರವರೆಗೂ ರಾಷ್ಟ್ರೀಯ ದಾಖಲೆಯಾಗಿ ಉಳಿದದ್ದನ್ನು ನೆನೆದಾಗ ನನಗೆ ಇಂದಿಗೂ ಗೌರವ ಉಕ್ಕುತ್ತದೆ. ಅಷ್ಟು ಧೈರ್ಯದಿಂದ ಮುನ್ನಡೆದ ಅವರ ಎರಡು ಸುತ್ತುಗಳ ಅಂತರವೂ ಸುಮಾರು ನಾಲ್ಕು ಸೆಕೆಂಡು ಮಾತ್ರ ಎಂಬುದನ್ನು ನೀವು ಗಮನಿಸಬೇಕು.

ಮುಂದಿನ ಎಂಟು ವಾರ ಜೋರಿನ ಓಟವನ್ನು ವಾರಕ್ಕೆ ಒಂದೇ ದಿನಕ್ಕೆ ಇಳಿಸಿ. ಆ ದಿನ 200 ಮೀಟರಿನಂತೆ ಆರು ಬಾರಿ, ನಡುವೆ ಉಸಿರು ಪೂರ್ತಿ ಹದಕ್ಕೆ ಬರುವಷ್ಟು ಬಿಡುವು ಕೊಟ್ಟು ಓಡಿದರೆ ನಿಮ್ಮ ವೇಗ ಎಲ್ಲಿಯೂ ಹೋಗುವುದಿಲ್ಲ. ಮೂರು ದಿನ 40 ನಿಮಿಷ, ಜೊತೆಗಾರನೊಡನೆ ಮಾತಾಡುತ್ತ ಓಡಬಹುದಾದಷ್ಟೇ ನಿಧಾನವಾಗಿ ಓಡಿ. ಈ ನಿಧಾನಕ್ಕೆ ನಿಮ್ಮಂಥ ಹುಡುಗರು ನಾಚುತ್ತಾರೆ, ಆದರೆ ಹೃದಯ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳಲು ಕಲಿಯುವುದು ಇಂಥ ಓಟದಲ್ಲಿಯೇ. ಇನ್ನೊಂದು ದಿನ 20 ನಿಮಿಷ ಒಂದೇ ಸಮನೆ, ಎರಡು ಮೂರು ಪದಕ್ಕಿಂತ ಹೆಚ್ಚು ಆಡಲಾಗದ ಬಿರುಸಿನಲ್ಲಿ ಓಡಬೇಕು. ಉಳಿದ ಎರಡು ದಿನ ವಿಶ್ರಾಂತಿ.

ಬೇಸಿಗೆಯಲ್ಲಿ ನಮ್ಮ ಕಡೆಯ ಬಿಸಿಲು ಏರುವ ಮೊದಲೇ ಇದೆಲ್ಲ ಮುಗಿಯಲಿ. ಮಳೆ ಬಿದ್ದ ಮೇಲೆ ಎರೆಮಣ್ಣಿನ ಹಾದಿ ಬೇಡ. ಬೂಟಿಗೆ ಮಣ್ಣು ಮೆತ್ತಿಕೊಂಡು ಹೆಜ್ಜೆ ಕೆಡುತ್ತದೆ, ಪಾದದ ಗಂಟು ಹೊರಳುತ್ತದೆ.

ಎಂಟು ವಾರದ ಬಳಿಕ ಗೆಳೆಯನೊಬ್ಬನನ್ನು ಗಡಿಯಾರದೊಂದಿಗೆ 200 ಮೀಟರ್ ಗುರುತಿನ ಬಳಿ ನಿಲ್ಲಿಸಿ. ಅವನು 30 ಎಂದು ಕೂಗುವ ಹೊತ್ತಿಗೆ ನೀವು ಆ ಗುರುತನ್ನು ದಾಟಿರಬಾರದು. ಮೊದಲ ಸುತ್ತನ್ನು 61ಕ್ಕೆ ಮುಗಿಸಿ ಓಡಿ ನೋಡಿ, ಎರಡು ಸುತ್ತುಗಳ ಸಮಯವನ್ನೂ ಬೇರೆಬೇರೆಯಾಗಿ ಬರೆದು ಕಳುಹಿಸಿ.