ಷಡ್ಡಕನನ್ನು ಭಾವ ಅನ್ನಬಹುದೇ?

ಸಾಗರದ ಓದುಗರೊಬ್ಬರು ಬರೆದಿದ್ದಾರೆ: ‘ನನ್ನ ಹೆಂಡತಿಯ ಅಕ್ಕನ ಗಂಡ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಹೆಂಡತಿ ಅವರನ್ನು ಭಾವ ಅನ್ನುತ್ತಾಳೆ. ನಾನೂ ಹಾಗೇ ಕರೆಯಬೇಕು ಅಂತ ಅತ್ತೆಯವರ ಹಠ. ಷಡ್ಡಕ ಅಂದರೆ ಮರ್ಯಾದೆ ಕಮ್ಮಿಯಾಗುತ್ತದೆಯೇ?’

ಸಂಪಾದಕರ ಉತ್ತರ:

ಮರ್ಯಾದೆಯೇನೂ ಕಮ್ಮಿಯಾಗುವುದಿಲ್ಲ. ಆದರೆ ಷಡ್ಡಕ ಅನ್ನೋದು ಬೇರೆಯವರ ಮುಂದೆ ಹೇಳುವ ಮಾತು. ‘ಇವರು ನಮ್ಮ ಷಡ್ಡಕರು’ ಅಂತ ಪರಿಚಯ ಮಾಡಿಸಬಹುದು. ‘ಷಡ್ಡಕರೇ, ಕಾಫಿ ತಗೊಳ್ಳಿ’ ಅಂದರೆ ಮಾತ್ರ ನಗು ಬರುತ್ತದೆ. ಬೀಗರನ್ನು ‘ಬೀಗರೇ’ ಅಂತ ಕರೆಯುತ್ತೇವೆ, ಈ ಪದಕ್ಕೆ ಆ ಅನುಕೂಲ ಇಲ್ಲ. ಓರಗಿತ್ತಿಯ ಕಥೆಯೂ ಇಷ್ಟೇ. ಎದುರಿಗೆ ಅಕ್ಕ ಅನ್ನಬೇಕು, ಇಲ್ಲವೇ ಹೆಸರು ಹಿಡಿದು ಕರೆಯಬೇಕು.

ಇನ್ನು ಭಾವ. ನಿಮ್ಮ ಅಕ್ಕನ ಗಂಡ ನಿಮಗೆ ಭಾವ, ಹೆಂಡತಿಯ ಅಣ್ಣನೂ ಭಾವ. ಆದರೆ ಹೆಂಡತಿಯ ಅಕ್ಕ ನಿಮಗೆ ಅತ್ತಿಗೆ. ಅತ್ತಿಗೆಯ ಗಂಡ ಅಣ್ಣನೇ ಆಗಬೇಕು, ಅಲ್ವಾ? ಅವರನ್ನು ಭಾವ ಅಂದರೆ, ಲೆಕ್ಕದ ಪ್ರಕಾರ ಅತ್ತಿಗೆಯನ್ನು ಅಕ್ಕ ಮಾಡಿಕೊಂಡ ಹಾಗೆ! ನಿಮ್ಮ ಹೆಂಡತಿ ಭಾವ ಅನ್ನೋದು ಸರಿಯೇ, ಅವರಿಗೆ ಅದು ಅಕ್ಕನ ಗಂಡ.

ಮಕ್ಕಳಿಗೆ ಈ ಗೊಂದಲವೇ ಇಲ್ಲ. ನಿಮ್ಮ ಸ್ವಂತ ಅಣ್ಣ ಅವರಿಗೆ ದೊಡ್ಡಪ್ಪ, ಈ ಷಡ್ಡಕರೂ ದೊಡ್ಡಪ್ಪ. ತಮಿಳು, ತೆಲುಗಿನಲ್ಲೂ ಇದೇ ಏರ್ಪಾಡು. ಅಮೆರಿಕದ ಮಾನವಶಾಸ್ತ್ರಜ್ಞ ಲೂಯಿಸ್ ಹೆನ್ರಿ ಮಾರ್ಗನ್ 1871ರಲ್ಲೇ ಈ ಭಾಷೆಗಳ ನೆಂಟಸ್ತಿಕೆಯ ಪದಗಳನ್ನು ಪಟ್ಟಿ ಮಾಡಿ ಪ್ರಕಟಿಸಿದ್ದರು. ಇದು ಬರೀ ಕರೆಯುವ ಮಾತಲ್ಲ. ಅಕ್ಕನ ಗಂಡನಾದ ಭಾವನ ಮಕ್ಕಳಿಗೂ ನಮ್ಮ ಮಕ್ಕಳಿಗೂ ಮದುವೆ ಮಾಡುವ ರೂಢಿ ಹಿಂದಿನಿಂದ ಇದೆ. ಷಡ್ಡಕರ ಮಕ್ಕಳು ಅಣ್ಣ ತಂಗಿಯರು, ಅಲ್ಲಿ ಆ ಮಾತೇ ಎತ್ತುವಂತಿಲ್ಲ.

‘ಕೋ-ಬ್ರದರ್’ ಅಂತ ಹೇಳಿ ಜಾರಿಕೊಳ್ಳುವವರೂ ಇದ್ದಾರೆ. ಅದು ನಮ್ಮ ದೇಶದವರೇ ಕಟ್ಟಿಕೊಂಡ ಇಂಗ್ಲಿಷು. ಆದರೂ ಅದರೊಳಗೆ ಬ್ರದರ್ ಕೂತಿರೋದನ್ನು ನೋಡಿ!

ವಯಸ್ಸಿನ ತೊಡಕು ನಿಜ. ವರಸೆ ಹುಟ್ಟಿದ ತಾರೀಖು ಕೇಳುವುದಿಲ್ಲ, ಅಕ್ಕನ ಗಂಡ ಹಿರಿಯನೇ. ಚಿಕ್ಕವರನ್ನು ಅಣ್ಣ ಅನ್ನಲು ನಾಲಿಗೆ ಹೊರಳದಿದ್ದರೆ ಹೆಸರಿಗೆ ‘ಅವರೇ’ ಸೇರಿಸಿ ಕರೆಯಿರಿ, ಸಾಕು. ಹೇಗೂ ನಿಮ್ಮ ಕಡೆ ಹವ್ಯಕರಲ್ಲಿ ಭಾವ ಅನ್ನೋದು ದೂರದ ನೆಂಟರಿಗೂ ಸಲುಗೆಯಲ್ಲಿ ನಡೆಯುತ್ತದೆ. ಅತ್ತೆಯವರು ಪಟ್ಟು ಬಿಡದಿದ್ದರೆ ಭಾವ ಅಂದುಬಿಡಿ. ದೊಡ್ಡ ಹಬ್ಬಕ್ಕೆ ಹೋದಾಗ ಸುಮ್ನೆ ಇದಕ್ಕೊಂದು ಜಗಳ ಯಾಕೆ? ಲಗ್ನಪತ್ರಿಕೆಯಲ್ಲಿ ಮಾತ್ರ ಷಡ್ಡಕರು ಅಂತಲೇ ಹಾಕಿಸಿ.